ಘಟ್ಟದ ಮಂಜಿನಲ್ಲಿ ದೀಪಾವಳಿ

ಮಳೆಗಾಲದಲ್ಲಿ ಶಿರಸಿಯಿಂದ ಕುಮಟಾ ಕಡೆ ದೇವಿಮನೆ ಘಟ್ಟ ಇಳಿಯುವವರೇ, ಮಂಜು ಕಂಡ ಕೂಡಲೇ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸಿ ಅಂತ ನಿಮಗೆ ಹೇಳಿಕೊಟ್ಟವರು ಯಾರು ಮಾರಾಯ್ರೇ? ಅದು ಇರೋದು ಗಾಡಿ ಕೆಟ್ಟು ನಿಂತಾಗ. ನೀವು ನಿಂತಿದ್ದೀರಾ, ಹೋಗ್ತಿದ್ದೀರಾ, ಯಾವ ಕಡೆ ತಿರುಗ್ತೀರಾ ಅಂತ ಹಿಂದಿನವನು ಕಣಿ ಕೇಳಬೇಕಾ?

ಇನ್ನು ಕೆಲವರದ್ದು ಹೈ ಬೀಮ್. ಮಂಜಿನ ಹನಿಗೆ ಬಡಿದ ಬೆಳಕು ವಾಪಸ್ ಅವರ ಕಣ್ಣಿಗೇ ಬರುತ್ತದೆ. ಎದುರಿಗೆ ಸುಣ್ಣ ಬಳಿದ ಗೋಡೆ ನಿಲ್ಲಿಸಿದ ಹಾಗೆ. ಲೋ ಬೀಮ್ ಹಾಕಿದರೆ ರಸ್ತೆ ಅಂಚಿನ ಬಿಳಿ ಗೆರೆಯಾದರೂ ಕಾಣುತ್ತದೆ, ಅಲ್ವಾ?

ಮೊನ್ನೆ ಒಬ್ಬ ಮಹಾನುಭಾವ ನಾಲ್ಕೂ ಇಂಡಿಕೇಟರ್, ಹೈ ಬೀಮ್ ಎರಡನ್ನೂ ಹಾಕಿಕೊಂಡು, ತಿರುವಿನಲ್ಲಿ ಹಾರ್ನ್ ಕೂಡ ಮಾಡದೆ ನನ್ನ ಬದಿಗೇ ಬಂದ. ನಾನು ಎರಡನೇ ಗೇರಿನಲ್ಲಿ ಹತ್ತುತ್ತಿದ್ದೆ. ಇಕ್ಕಟ್ಟಾದ ಘಟ್ಟದ ದಾರಿಯಲ್ಲಿ ಹತ್ತುವ ಗಾಡಿಗೆ ಜಾಗ ಬಿಡಬೇಕು ಅನ್ನೋದು ನಿಯಮ. ಇವನು ಲೈಟ್ ಮಿಣುಕಿಸಿ ನನಗೇ ಹಿಂದೆ ಹೋಗು ಅಂದ! ನೋಡಿದರೆ ಅವನ ಗಾಜೆಲ್ಲ ಒಳಗಿನಿಂದ ಆವಿ ಕಟ್ಟಿದೆ. ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದರಲ್ಲಿ ಒರೆಸುವ ಬಟ್ಟೆ. ಎಸಿ ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿದ್ದರೆ ಸಾಕಿತ್ತು. ಅಷ್ಟು ದೊಡ್ಡ ಕಾರು, ಆ ಗುಂಡಿ ಇರಲಿಲ್ವಾ?