ನಾಯಿ ಗೋರಿಯ ಮುಂದೆ

ವೇಲ್ಸ್‌ನ ಉತ್ತರದ ಬೆಟ್ಟಗಳ ನಡುವೆ ಬೆದ್‌ಗೆಲರ್ಟ್ ಅಂತ ಒಂದು ಪುಟ್ಟ ಊರು. ಅಲ್ಲಿನ ಸೇಂಟ್ ಮೇರಿ ಚರ್ಚ್ ದಾಟಿ, ಗ್ಲಾಸ್ಲಿನ್ ಹೊಳೆಯ ದಂಡೆ ಹಿಡಿದು ಸ್ವಲ್ಪ ನಡೆದರೆ ಹುಲ್ಲುಗಾವಲಲ್ಲಿ ಒಂದು ಮರ, ಕೆಳಗೆ ಬೇಲಿ ಹಾಕಿದ ಗೋರಿ. ಚರ್ಚಿನ ಅಂಗಳದಲ್ಲಿ ಮಲಗಿರುವ ಮನುಷ್ಯರನ್ನು ಕೇಳುವವರು ಕಡಿಮೆ. ಬಂದವರೆಲ್ಲ ವಿಚಾರಿಸುವುದು ಈ ನಾಯಿಯನ್ನೇ.

ಅಲ್ಲಿ ಹೇಳುವ ಕಥೆ ಇದು. 13ನೇ ಶತಮಾನದ ರಾಜ ಲೆವೆಲಿನ್ ಬೇಟೆಗೆ ಹೊರಟ. ಮೆಚ್ಚಿನ ನಾಯಿ ಗೆಲರ್ಟ್ ಅವತ್ತು ಜೊತೆಗೆ ಬರಲಿಲ್ಲ. ವಾಪಸ್ ಬಂದಾಗ ಮೈಯೆಲ್ಲ ರಕ್ತ ಮಾಡಿಕೊಂಡು ಖುಷಿಯಿಂದ ಎದುರು ಓಡಿ ಬಂತು. ಒಳಗೆ ಮಗುವಿನ ಹಾಸಿಗೆ ಖಾಲಿ. ಹಿಂದೆ ಮುಂದೆ ನೋಡದೆ ಕತ್ತಿಯಿಂದ ಇರಿದುಬಿಟ್ಟ. ನಾಯಿಯ ಕೂಗು ಕೇಳಿ ಎಲ್ಲಿಂದಲೋ ಮಗು ಅತ್ತಿತು. ಪಕ್ಕದಲ್ಲೇ ಸತ್ತ ತೋಳ! ಆಮೇಲೆ ರಾಜ ನಗಲೇ ಇಲ್ಲವಂತೆ. ಹಾಗಂತ ಗೋರಿಯ ಕಲ್ಲಿನಲ್ಲೇ ಕೆತ್ತಿದ್ದಾರೆ.

ಎಲ್ಲೋ ಕೇಳಿದ ಹಾಗಿದೆ, ಅಲ್ವಾ? ಅದೇ ನಮ್ಮ ಪಂಚತಂತ್ರದ ಮುಂಗುಸಿ. ದೇಶ ದೇಶ ದಾಟುತ್ತಾ ಮುಂಗುಸಿ ನಾಯಿಯಾಯಿತು, ಹಾವು ತೋಳವಾಯಿತು. ಫ್ರಾನ್ಸ್‌ನ ಲಿಯೋನ್ ಕಡೆಯಂತೂ ಇದೇ ಕಥೆಯ ಗಿನ್‌ಫೋರ್ ಎಂಬ ನಾಯಿಯನ್ನು ಜನ ಸಂತನೆಂದೇ ನಂಬಿ, ಕಾಯಿಲೆಯ ಮಕ್ಕಳನ್ನು ಅದರ ಗೋರಿಗೆ ತಂದು ಹರಕೆ ಹೊರುತ್ತಿದ್ದರು. ಇದನ್ನು ಕೇಳಿದ ಪಾದ್ರಿಯೊಬ್ಬ ಸಿಟ್ಟಾಗಿ ನಾಯಿಯ ಮೂಳೆಗಳನ್ನು ಅಗೆಸಿ ಸುಡಿಸಿದ. ಹರಕೆ ಮಾತ್ರ ನಿಲ್ಲಲಿಲ್ಲ.

ಬೆದ್‌ಗೆಲರ್ಟ್‌ನಲ್ಲಿ ಅಗೆದರೆ ಮೂಳೆ ಸಿಗುವುದೂ ಅನುಮಾನ. ಅಲ್ಲಿನ ರಾಯಲ್ ಗೋಟ್ ಹೋಟೆಲಿನ ಡೇವಿಡ್ ಪ್ರಿಚರ್ಡ್ ಎಂಬಾತ 18ನೇ ಶತಮಾನದ ಕೊನೆಯ ಹೊತ್ತಿಗೆ ಈ ಊರಿಗೆ ಬಂದವನು. ಬೆಟ್ಟ ನೋಡಲು ಬರುವ ಗಿರಾಕಿಗಳು ಇನ್ನೊಂದು ದಿನ ಉಳಿಯಲಿ ಅಂತ ಗೋರಿ ಕಟ್ಟಿಸಿದ್ದು ಅವನೇ ಎನ್ನುತ್ತಾರೆ. ಮೋಸ ಅನ್ನಿ ಬೇಕಾದರೆ. ನನಗೆ ಮಾತ್ರ ಅವನ ಮೇಲೆ ಕೋಪ ಬರುವುದಿಲ್ಲ. ಮುಂಗುಸಿಯ ಕಥೆಯನ್ನು ನಾವು ತಲೆತಲಾಂತರದಿಂದ ಹೇಳುತ್ತಾ ಬಂದೆವು. ಅದಕ್ಕೊಂದು ಗುಡ್ಡೆ ಮಣ್ಣು ಹಾಕಬೇಕು ಅಂತ ನಮ್ಮಲ್ಲಿ ಯಾರಿಗಾದರೂ ಹೊಳೆಯಿತೇ? ವ್ಯಾಪಾರಕ್ಕಾದರೂ ಸರಿ, ಪಾಪದ ಆ ಪ್ರಾಣಿಗಾಗಿ ಅಳಲು ಒಂದು ಜಾಗ ಮಾಡಿಕೊಟ್ಟವನು ಪ್ರಿಚರ್ಡ್. ಗೋರಿ ಹೀಗೆ ಹುಟ್ಟಿದ್ದು ಅಂತ ಗೊತ್ತಿದ್ದವರೂ ಅಲ್ಲಿ ಹೂವಿಟ್ಟು ಹೋಗುತ್ತಾರೆ.

ಹಾಗಂತ ನಾವು ನಾಯಿಯನ್ನು ಮರೆತವರೇನಲ್ಲ. ಮಂಡ್ಯದ ಆತಕೂರಿನಲ್ಲಿ ಸುಮಾರು 950ರಲ್ಲಿ ಕಾಳಿ ಎಂಬ ಬೇಟೆ ನಾಯಿಗೆ ಕಲ್ಲು ನಿಲ್ಲಿಸಿದರು. ದೊಡ್ಡ ಹಂದಿಯ ಜೊತೆ ಕಾದಾಡಿ ಎರಡೂ ಸತ್ತವು. ಕಲ್ಲಿಗೆ ಭೂಮಿಯನ್ನೂ ಬಿಟ್ಟುಕೊಟ್ಟರು. ಈಗದು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂ ಸೇರಿದೆ. ಇಲ್ಲಿ ನಾಯಿ ನಿಜ, ಹೆಸರು ನಿಜ, ಸಾವೂ ನಿಜ. ಆದರೂ ಕಾಳಿಗಾಗಿ ಕಣ್ಣೊರೆಸಿಕೊಂಡವರನ್ನು ನಾನಂತೂ ಕಂಡಿಲ್ಲ.

ಕಲ್ಲು ನಿಲ್ಲಿಸಿದವರು ಮುಂದಾಲೋಚನೆ ಮಾಡಿದ್ದರು ಅನ್ನಿ. ಈ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಊಟ ಮಾಡಿದರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೇ ಅಂತ ಶಾಸನದಲ್ಲೇ ಬರೆಸಿದ್ದಾರೆ. ಪ್ರಿಚರ್ಡ್‌ಗೆ ಈ ಉಪಾಯ ತಿಳಿದಿದ್ದರೆ, ಗೋರಿ ನೋಡಿ ಬಾರದವರಿಗೆ ಹೋಟೆಲಿನಲ್ಲಿ ಊಟವನ್ನೇ ಹಾಕುತ್ತಿರಲಿಲ್ಲವೇನೋ!