ಸತ್ಯಾಂಶ: ಕ್ಯಾಸನೋವಾ ಬರೀ ಕಥೆಯ ಪಾತ್ರವೇ?

'ಕ್ಯಾಸನೋವಾ ಅಂತ ಯಾರೂ ಇರಲಿಲ್ಲ, ಡಾನ್ ವಾನ್ ಥರ ಅದೂ ಕಟ್ಟುಕಥೆ' ಎಂಬ ಸಂದೇಶ ವಾಟ್ಸ್ಆಪ್‌ನಲ್ಲಿ ಬಂದಿದ್ದರೆ, ಅದು ತಪ್ಪು. ಹೆಂಗಸರನ್ನು ಮರುಳು ಮಾಡುವ ರಸಿಕ ಡಾನ್ ವಾನ್ ಕಲ್ಪನೆಯ ಪಾತ್ರ, ನಿಜ. ಆದರೆ ಪ್ರೇಮ ಪ್ರಸಂಗಗಳಿಗೆ ಹೆಸರಾದ ಜಾಕೊಮೊ ಕ್ಯಾಸನೋವಾ 1725ರಲ್ಲಿ ವೆನಿಸ್‌ನಲ್ಲಿ ಹುಟ್ಟಿದ ಅಸಲಿ ಮನುಷ್ಯ. ತಾಯಿ ನಾಟಕದ ನಟಿ.

2005ರಲ್ಲಿ ಬಿಬಿಸಿ ಇವನ ಬದುಕನ್ನು ಮೂರು ಕಂತಿನ ಧಾರಾವಾಹಿ ಮಾಡಿತು. ಯುವಕನಾಗಿ ಡೇವಿಡ್ ಟೆನೆಂಟ್, ಮುದುಕನಾಗಿ ಪೀಟರ್ ಓಟೂಲ್. ಅದರ ತಮಾಷೆ, ಓಟ ನೋಡಿದರೆ ಎಲ್ಲವೂ ಸುಮ್ನೆ ಹೆಣೆದದ್ದು ಅನಿಸುವುದು ಸಹಜ. ಆದರೆ ಮುದುಕ ಕ್ಯಾಸನೋವಾ ಬೊಹೀಮಿಯಾದ ಡುಕ್ಸ್ ಕೋಟೆಯಲ್ಲಿ ಗ್ರಂಥಪಾಲಕನಾಗಿದ್ದದ್ದು ನಿಜ. ಈಗ ಅದು ಚೆಕ್ ದೇಶದ ದುಖ್‌ತ್ಸೊವ್. 1798ರಲ್ಲಿ ಅಲ್ಲೇ ತೀರಿಕೊಂಡ.

ಅಲ್ಲಿ ಕೂತು ಫ್ರೆಂಚ್‌ನಲ್ಲಿ ಬರೆದ ಆತ್ಮಕಥೆಯ ಹಸ್ತಪ್ರತಿಯೂ ಉಳಿದಿದೆ. ಸುಮಾರು 3,700 ಪುಟ! 2010ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ ಅದನ್ನು ಪಡೆದುಕೊಂಡಿತು. ಪ್ರೇಮ ಪ್ರಸಂಗಗಳಷ್ಟೇ ಅಲ್ಲ, 1756ರಲ್ಲಿ ವೆನಿಸ್‌ನ ಸೀಸದ ಚಾವಣಿಯ ಜೈಲಿನಿಂದ ಪರಾರಿಯಾದ ಕಥೆ, ಪ್ಯಾರಿಸ್‌ನಲ್ಲಿ ಸರ್ಕಾರಿ ಲಾಟರಿ ಶುರು ಮಾಡಿಸಿದ ಕಥೆಯೂ ಅದರಲ್ಲಿವೆ. ನನಗಂತೂ ಆ ಜೈಲಿನ ಭಾಗವೇ ಜಾಸ್ತಿ ಇಷ್ಟ.

ಹಾಗಂತ ಅವನು ಬರೆದ ಪ್ರತಿ ಮಾತೂ ನಿಜ ಎಂದಲ್ಲ. ತನ್ನ ಕಥೆ ಹೇಳುವವನು ಸ್ವಲ್ಪ ಉಪ್ಪುಖಾರ ಸೇರಿಸದೆ ಇರುತ್ತಾನಾ, ಅಲ್ವಾ?