ಹುಳು ತಿನ್ನೋಣವೇ? ಪರ-ವಿರೋಧ

ಪರ: ಅಸಹ್ಯ ಅನ್ನೋದು ಕಾರಣ ಆಗಲ್ಲ

ಪರವಾಗಿ ಬರೆಯಿರಿ ಎಂದಾಗ ಸ್ವಲ್ಪ ಹಿಂಜರಿದೆ. ನಾನು ಹುಳು ತಿಂದಿರುವುದು ಎರಡೇ ಸಲ. ಹುರಿದ ಜೀರುಂಡೆ (ಇಂಗ್ಲಿಷಿನಲ್ಲಿ ಕ್ರಿಕೆಟ್ ಅನ್ನುವ ಕೀಟ), ಗರಿಗರಿಯಾಗಿತ್ತು, ಹುರಿದ ಬೀಜದಂಥ ರುಚಿ, ಕಾಲಿನ ಚೂರೊಂದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡು ಸಂಜೆವರೆಗೂ ಕಾಡಿತು. ದಿನಾ ತಿನ್ನೋ ಮನಸ್ಸು ಇನ್ನೂ ಬಂದಿಲ್ಲ. ಆದರೆ ಪೌಷ್ಟಿಕತೆಯ ದೃಷ್ಟಿಯಿಂದ ನೋಡಿದರೆ ಬೇಡ ಅನ್ನೋಕೆ ಕಾರಣ ಸಿಗುವುದಿಲ್ಲ.

ಜೀರುಂಡೆ ಪುಡಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ರೋಟೀನ್ ಇದೆ. ಕಬ್ಬಿಣ, ಸತುವು ಇವೆ, ಸೊಪ್ಪು ಕಾಳುಗಳಲ್ಲಿ ಸಿಗದ ಬಿ12 ಕೂಡ ಇದೆ. 2018ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಸಂಶೋಧಕರು 20 ಜನರಿಗೆ ಎರಡು ವಾರ ದಿನಕ್ಕೆ 25 ಗ್ರಾಂ ಜೀರುಂಡೆ ಪುಡಿ ಕೊಟ್ಟು ನೋಡಿದರು. ಕರುಳಿಗೆ ಒಳ್ಳೆಯದಾದ ಒಂದು ಬಗೆಯ ಬ್ಯಾಕ್ಟೀರಿಯಾ ಹೆಚ್ಚಾಗಿತ್ತು. ಸಣ್ಣ ಪರೀಕ್ಷೆ, ಒಪ್ಪುತ್ತೇನೆ.

ಮೇವಿನ ಲೆಕ್ಕವೂ ಇದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಹೇಳಿದ ಪ್ರಕಾರ ಜೀರುಂಡೆ ಒಂದು ಕಿಲೋ ತೂಗುವಷ್ಟು ಬೆಳೆಯಲು ಎರಡು ಕಿಲೋಗಿಂತ ಕಡಿಮೆ ಮೇವು ಸಾಕು, ದನಕ್ಕೆ ಹತ್ತು ಕಿಲೋ ಬೇಕು. ಛೀ ಅನ್ನುವವರಿಗೆ ಒಂದು ಮಾತು. ಮಿಠಾಯಿಗಳಿಗೆ ಹಾಕುವ ಕಾರ್ಮೈನ್ ಎಂಬ ಕೆಂಪು ಬಣ್ಣ ಬರುವುದು ಒಣಗಿಸಿದ ಕೀಟದಿಂದ. ಅದನ್ನು ಸುಮ್ನೆ ನುಂಗುತ್ತೇವೆ ಅಲ್ವಾ? ಅಲರ್ಜಿ ಅನ್ನುತ್ತಾರೆ. ಕಡಲೆಕಾಯಿಯೂ ಕೆಲವರಿಗೆ ಆಗುವುದಿಲ್ಲ, ಹಾಗಂತ ಯಾರೂ ಬಿಟ್ಟಿಲ್ಲ.

ವಿರೋಧ: ತಂಗಿಯ ತುಟಿ ಊದಿದ ದಿನ

ನನ್ನ ತಂಗಿಗೆ ಚಿಕ್ಕಂದಿನಿಂದ ಸಿಗಡಿ ಆಗುವುದಿಲ್ಲ. ಅದು ಗೊತ್ತಿದ್ದರಿಂದ ಸಿಗಡಿ, ಏಡಿ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ಒಂದು ಸಲ ಪರಿಚಯದವರ ಮನೆಯಲ್ಲಿ ಬಿಸ್ಕತ್ತು ಕೊಟ್ಟರು, ಪ್ರೋಟೀನ್ ಜಾಸ್ತಿ, ಆರೋಗ್ಯಕ್ಕೆ ಒಳ್ಳೆಯದು ಅಂದರು. ಎರಡು ತಿಂದಳು. ಹತ್ತು ನಿಮಿಷ ಆಗಿರಬೇಕು, ತುಟಿ ಉಜ್ಜಿಕೊಳ್ಳೋಕೆ ಶುರು ಮಾಡಿದಳು, ನೋಡನೋಡುತ್ತಾ ಕೆಳತುಟಿ ಊದಿ ಹೊಳೆಯತೊಡಗಿತು. "ಅಕ್ಕಾ, ಗಂಟಲು ಬಿಗೀತಿದೆ" ಅಂದಳು. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ನಾನು ಅವಳ ಉಸಿರನ್ನೇ ಕೇಳುತ್ತಾ ಕೂತಿದ್ದೆ. ಇಂಜೆಕ್ಷನ್ ಕೊಟ್ಟ ಮೇಲೆ ಇಳಿಯಿತು. ಆಮೇಲೆ ಪ್ಯಾಕೆಟ್ ತರಿಸಿ ನೋಡಿದರೆ ಹಿಂಬದಿಯಲ್ಲಿ, ಮಡಿಕೆಯ ಪಕ್ಕ, ಇರುವೆ ಸಾಲಿನಂಥ ಅಕ್ಷರದಲ್ಲಿ ಜೀರುಂಡೆ ಪುಡಿ ಎಂದಿತ್ತು.

ಸಿಗಡಿಗೂ ಜೀರುಂಡೆಗೂ ಏನು ಸಂಬಂಧ ಅಂತ ಅವತ್ತು ನಮಗೆ ಗೊತ್ತಿರಲಿಲ್ಲ. ಎರಡರ ಸ್ನಾಯುವಿನಲ್ಲೂ ಟ್ರೋಪೋಮಯೋಸಿನ್ ಎಂಬ ಪ್ರೋಟೀನ್ ಇದೆ, ಎರಡೂ ಹೆಚ್ಚುಕಡಿಮೆ ಒಂದೇ ಥರ. ಬೇಯಿಸಿದರೂ ಅದು ಸುಲಭಕ್ಕೆ ಕೆಡುವುದಿಲ್ಲ. ಕಡಲೆಕಾಯಿ ಆಗದವರಿಗೆ ಕಡಲೆಕಾಯಿ ಕಣ್ಣಿಗೆ ಕಾಣುತ್ತದೆ. ಸಿಗಡಿ ಆಗದವರು ಬಿಸ್ಕತ್ತು ನೋಡಿ ಏನಂತ ಅನುಮಾನ ಪಡಬೇಕು? ಹುಳದ ಪುಡಿ ಹಾಕಿದರೆ ಅಲರ್ಜಿಯ ಎಚ್ಚರಿಕೆಯನ್ನೂ ಬರೆಯಬೇಕು ಎಂದು ಯುರೋಪಿನಲ್ಲಿ ನಿಯಮ ಮಾಡಿದ್ದಾರೆ, ಸುಮ್ನೆ ಮಾಡಿದ್ದಲ್ಲ.

ಪ್ರೋಟೀನ್ ಲೆಕ್ಕವೂ ಪೂರ್ತಿ ನೆಟ್ಟಗಿಲ್ಲ. ಪ್ರೋಟೀನನ್ನು ನೇರವಾಗಿ ಅಳೆಯದೆ, ಆಹಾರದಲ್ಲಿರುವ ಸಾರಜನಕ ಅಳೆದು 6.25ರಿಂದ ಗುಣಿಸುತ್ತಾರೆ. ಹುಳದ ಚಿಪ್ಪಿನಲ್ಲಿರುವ ಕೈಟಿನ್ ಎಂಬ ಗಟ್ಟಿ ವಸ್ತುವಿನಲ್ಲೂ ಸಾರಜನಕ ಇರುವುದರಿಂದ ಅದೂ ಪ್ರೋಟೀನ್ ಲೆಕ್ಕಕ್ಕೆ ಸೇರಿಬಿಡುತ್ತದೆ. 2017ರಲ್ಲಿ ಸಂಶೋಧಕರು ಕೆಲವು ಹುಳುಗಳಿಗೆ 6.25 ಅಲ್ಲ, 4.76 ಸರಿಯಾದ ಸಂಖ್ಯೆ ಎಂದು ತೋರಿಸಿದರು, ಅಂದರೆ ನಿಜವಾದ ಪ್ರೋಟೀನ್ ಹೇಳಿದ್ದಕ್ಕಿಂತ ಕಡಿಮೆ.

ಹುಳು ಎಂದರೆ ಎಲ್ಲವೂ ಒಂದೇ ಎಂಬಂತೆ ಮಾತಾಡುವುದೂ ನನಗೆ ಒಪ್ಪಿಗೆಯಿಲ್ಲ. ನೈಜೀರಿಯಾದಲ್ಲಿ ತಿನ್ನುವ ಒಂದು ಜಾತಿಯ ರೇಷ್ಮೆ ಹುಳುವಿನಲ್ಲಿ ಬಿ1 ವಿಟಮಿನ್ ಒಡೆದುಹಾಕುವ ಕಿಣ್ವ ಇದೆ. ಮೊದಲೇ ಬಿ1 ಕಡಿಮೆ ಇದ್ದವರು ಆ ಹುಳು ಸಿಗುವ ಕಾಲದಲ್ಲಿ ನಿಲ್ಲಲಾರದೆ ತೂರಾಡುವಂತಾಗಿತ್ತು.

ಮೇವು ಕಡಿಮೆ ಸಾಕು ಅಂತೀರಿ. ಹಾಗಾದರೆ ಮೇವು ಉಳಿಯಲಿ ಅಂತ ನಾವೆಲ್ಲ ಏನು ಕೊಟ್ಟರೂ ಬಾಯಿಗೆ ಹಾಕಿಕೊಳ್ಳಬೇಕಾ? ತಂಗಿ ಈಗ ಪ್ರತಿ ಪ್ಯಾಕೆಟ್ಟನ್ನೂ ಬೆಳಕಿಗೆ ಹಿಡಿದು, ಹಿಂಬದಿ ಪೂರ್ತಿ ಓದಿ, ನನ್ನ ಕೈಗೂ ಒಂದು ಸಲ ಕೊಟ್ಟು ಓದಿಸಿಕೊಳ್ಳುತ್ತಾಳೆ. ಬ್ಯಾಗಿನಲ್ಲಿ ಇಂಜೆಕ್ಷನ್ ಇಟ್ಟುಕೊಂಡೇ ಹೊರಡುತ್ತಾಳೆ.